ಚೌಡಣ್ಣನ ಹೆಬ್ಬೆರಳು

ಚೌಡಣ್ಣನ ಬಲಗೈಯಲ್ಲಿ ಹೆಬ್ಬೆರಳು ಇರಲಿಲ್ಲ. ಇಷ್ಟರಲ್ಲಿ ಯಾರಿಗೂ ತಕರಾರಿಲ್ಲ. ತಕರಾರು ಇರುವುದು ಅದು ಹೋದದ್ದು ಹೇಗೆ ಎಂಬುದರಲ್ಲಿ. ಕರುಮತ್ತಂಪಟ್ಟಿಯ ನಮ್ಮ ಬೀದಿಯಲ್ಲಿ ಯಾರನ್ನು ಕೇಳಿದರೂ ಒಂದೇ ಕಥೆ. ಕೊಯಮತ್ತೂರಿನಲ್ಲಿ ಸೀಸದ ಸಿಪಾಯಿಗಳನ್ನು ಮೇಜಿನ ಮೇಲಿಟ್ಟು ಯುದ್ಧವಾಡುವ ಪಂದ್ಯ ನಡೆಯಿತಂತೆ, ಚೌಡಣ್ಣ ಅಳತೆಯಲ್ಲಿ ಮೋಸ ಮಾಡಿದ ಅಂತ ಎದುರಾಳಿ ಹೇಳಿದನಂತೆ, ಚೌಡಣ್ಣ ಸೊಂಟದಿಂದ ಚೂರಿ ಎಳೆದು ಅಷ್ಟು ಜನರ ಮುಂದೆ ಬೆರಳನ್ನು ತಾನೇ ಕೊಯ್ದು ಮೇಜಿನ ಮೇಲಿಟ್ಟನಂತೆ. ಹೇಳುವವರು ಈ ಜಾಗಕ್ಕೆ ಬಂದಾಗ ತಮ್ಮ ಹೆಬ್ಬೆರಳನ್ನು ಒಮ್ಮೆ ಮುಟ್ಟಿಕೊಳ್ಳುತ್ತಾರೆ.

ನಾನು ಇದನ್ನು ಒಪ್ಪುವುದಿಲ್ಲ. ಮೊದಲನೆಯದಾಗಿ, ಹೇಳುವವರು ಯಾರೂ ಅಲ್ಲಿರಲಿಲ್ಲ, ನಾನಿದ್ದೆ. ಎರಡನೆಯದಾಗಿ, ಚೌಡಣ್ಣ ಚೂರಿ ಇಟ್ಟುಕೊಳ್ಳುವ ಆಳೇ ಅಲ್ಲ. ಅವನ ಕೈಗಳಿಗೆ ಅದರ ಅಗತ್ಯ ಬಿದ್ದದ್ದನ್ನು ಯಾರೂ ನೋಡಿಲ್ಲ. ಇನ್ನು, ತನಗೆ ಸಿಟ್ಟು ಬಂದಾಗ ತನ್ನನ್ನೇ ಶಿಕ್ಷಿಸಿಕೊಳ್ಳುವ ದೊಡ್ಡ ಗುಣ ಅವನಲ್ಲಿತ್ತು ಎಂಬುದಕ್ಕೆ ಒಂದು ಸಾಕ್ಷಿಯೂ ಇಲ್ಲ. ಸಿಟ್ಟು ಬಂದಾಗ ಅವನು ಶಿಕ್ಷಿಸುತ್ತಿದ್ದದ್ದು ಯಾವಾಗಲೂ ಪಕ್ಕದಲ್ಲಿದ್ದವರನ್ನು.

ಕಾಲೇಜಿನ ಚರ್ಚಾಕೂಟದಲ್ಲಿ ನನಗೆ ಕಲಿಸಿದ್ದೇನೆಂದರೆ, ಎದುರು ಪಕ್ಷದ ಬಲವಾದ ಮಾತನ್ನು ನಾವೇ ಮೊದಲು ಹೇಳಿಬಿಡಬೇಕು. ಹೇಳುತ್ತೇನೆ. ನಮ್ಮ ನೇಕಾರರಲ್ಲಿ ಚೌಡಮ್ಮನ ಪೂಜೆಯ ದಿನ ಕೆಲವು ಗಂಡಸರು ಅಲಗು ಹಾಕುತ್ತಾರೆ, ಅಂದರೆ ಎರಡು ಕೈಯಲ್ಲೂ ಕತ್ತಿ ಹಿಡಿದು "ತಗೋ ತಾಯಿ" ಎನ್ನುತ್ತ ತಮ್ಮ ಎದೆಗೇ ಹೊಡೆದುಕೊಳ್ಳುತ್ತಾರೆ. ಆ ಗಂಡಸರ ಮುಂದಾಳು ಚೌಡಣ್ಣ. ಅವನು ಅಂಗಿ ಬಿಚ್ಚಿದರೆ ಎದೆಯ ಮೇಲೆ ಗಾಯದ ಗೀಟುಗಳು ಒಂದರ ಮೇಲೊಂದು, ಹೆಣಿಗೆ ತಪ್ಪಿದ ಬಟ್ಟೆಯ ಹಾಗೆ. ರಕ್ತ ಕಾಲಿಗೆ ಇಳಿದರೂ ಅವನು ನಿಲ್ಲಿಸುತ್ತಿರಲಿಲ್ಲ; ಗಾಯಕ್ಕೆ ಭಂಡಾರದ ಅರಿಸಿನ ಹಚ್ಚಲು ಬಂದವರನ್ನೇ ತಳ್ಳುತ್ತಿದ್ದ. ಇಂಥವನು ಒಂದು ಬೆರಳು ಕೊಯ್ದುಕೊಂಡ ಎಂದರೆ ಜನ ಯಾಕೆ ನಂಬುವುದಿಲ್ಲ? ನಂಬುತ್ತಾರೆ. ಆದರೆ ನಂಬಬಹುದಾದದ್ದೆಲ್ಲ ನಡೆದದ್ದಾಗುವುದಿಲ್ಲ. ಮನೆಯಲ್ಲಿ ಕನ್ನಡವಾಡಿದರೂ ಶಾಲೆಯಲ್ಲಿ ಕಲಿತದ್ದು ತಮಿಳಾದ್ದರಿಂದ ಕನ್ನಡ ಅಕ್ಷರ ನಮ್ಮ ಬೀದಿಯ ಬಹುಪಾಲು ಜನಕ್ಕೆ ಬಾರದು. ಹಾಗಾಗಿ ಇದನ್ನು ಓದಿ ನನ್ನ ಮನೆಗೆ ಜಗಳಕ್ಕೆ ಬರುವವರು ಕಡಿಮೆ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ.

ಚೌಡಣ್ಣನ ಕೆಲಸ ಅಳೆಯುವುದು. ಸುತ್ತಲಿನ ಮಗ್ಗಗಳಿಂದ ಬಂದ ಬಟ್ಟೆಯನ್ನು ವ್ಯಾಪಾರಿ ಕೊಳ್ಳುವಾಗ ಇಬ್ಬರ ನಡುವೆ ಕುಳಿತು ಗಜ ಹಾಕುವವನು ಅವನು. ಮೀಟರು ಬಂದು ಬಹಳ ಕಾಲವಾಗಿದ್ದರೂ ಅವನ ಕಬ್ಬಿಣದ ಗಜಕೋಲು ಹೋಗಿರಲಿಲ್ಲ. ಅವನು ಅಳೆಯುವಾಗ ನೇಕಾರನೂ ಮಾತಾಡುತ್ತಿರಲಿಲ್ಲ, ವ್ಯಾಪಾರಿಯೂ ಮಾತಾಡುತ್ತಿರಲಿಲ್ಲ. ಒಮ್ಮೆ ತಿರುಪ್ಪೂರಿನ ಹೊಸ ವ್ಯಾಪಾರಿಯೊಬ್ಬ ಅಳೆದ ಬಟ್ಟೆಯ ತಾನನ್ನು ನೋಡಿ ಒಂದು ಗಜ ಕಡಿಮೆ ಇದೆ ಎಂದನಂತೆ. ಚೌಡಣ್ಣ ಇನ್ನೊಮ್ಮೆ ಅಳೆದು ತೋರಿಸಿದ. ವ್ಯಾಪಾರಿ ಆಮೇಲೂ ತಲೆಯಾಡಿಸಿದ. ಚೌಡಣ್ಣ ತಾನಿನ ತುದಿಯನ್ನು ಅವನ ಕೊರಳಿಗೆ ಒಂದು ಸುತ್ತು ಹಾಕಿ, ಕಾಲನ್ನು ಅವನ ಎದೆಗೊತ್ತಿ ಎಳೆದ. ಕಣ್ಣು ಮೇಲೆ ಹೋಗುವವರೆಗೂ ಬಿಡಲಿಲ್ಲ. "ಈಗ ಸಾಲ್ತೈತಾ ನೋಡ್ಕೊ" ಎಂದನಂತೆ. ಇದಾದ ಮೇಲೆ ಆ ವ್ಯಾಪಾರಿ ಬೇರೆ ಯಾರ ಹತ್ತಿರವೂ ಅಳೆಸಲಿಲ್ಲ ಎಂಬುದು ಇದರ ತಮಾಷೆಯ ಭಾಗ.

ಅವನ ಅಳತೆಯಲ್ಲಿ ಒಂದು ಪದ್ಧತಿಯಿತ್ತು. ಅವನೊಬ್ಬನದಲ್ಲ, ನಮ್ಮ ಸಂತೆಯ ಗಜದವರೆಲ್ಲರದು. ಕೋಲಿನ ತುದಿ ಮುಗಿದಲ್ಲಿ ಬಟ್ಟೆಯ ಮೇಲೆ ಹೆಬ್ಬೆರಳು ಒತ್ತಬೇಕು. ಮುಂದಿನ ಗಜ ಶುರುವಾಗುವುದು ಬೆರಳಿನ ಆಚೆ ಬದಿಯಿಂದ. ಬೆರಳಿನ ಕೆಳಗಿನ ಬಟ್ಟೆ ಲೆಕ್ಕಕ್ಕಿಲ್ಲ, ಅದು ಕೊಳ್ಳುವವನಿಗೆ ಸುಮ್ಮನೆ ಸಿಗುವ ಪಾಲು. ತಲೆಮಾರುಗಳಿಂದ ಹೀಗೇ. ನೇಕಾರರು ಗೊಣಗದೆ ಆ ಬೆರಳಿನಷ್ಟನ್ನು ನೇಯ್ದೇ ತರುತ್ತಿದ್ದರು. ಈ ಬೆರಳನ್ನು ಓದುಗರು ನೆನಪಿನಲ್ಲಿಡಬೇಕು.

ಸೈನ್ಯದಿಂದ ನಿವೃತ್ತರಾಗಿ ಕೊಯಮತ್ತೂರಿನಲ್ಲಿ ನೆಲೆಸಿದ್ದ ಮೇಜರ್ ಒಬ್ಬರು ದೊಡ್ಡ ಮೇಜಿಗೆ ಹೊದಿಸಲು ಬಟ್ಟೆ ಬೇಕೆಂದು ನಮ್ಮೂರಿಗೆ ಬಂದದ್ದೇ ಎಲ್ಲಕ್ಕೂ ಕಾರಣ. ಚೌಡಣ್ಣ ಬಟ್ಟೆ ಅಳೆದುಕೊಟ್ಟ, ಮೇಜು ಯಾತಕ್ಕೆ ಎಂದು ಕೇಳಿದ, ಮೇಜರ್ ಹೇಳಿದರು, ಮುಂದಿನ ಭಾನುವಾರ ಇವನು ಅವರ ಮನೆಯಲ್ಲಿದ್ದ. ನಾನು ಅಲ್ಲಿಗೆ ಮೊದಲೇ ಹೋಗುತ್ತಿದ್ದೆ. ಗುಡ್ಡ, ಹೊಳೆ, ತೆಂಗಿನ ತೋಪು ಮಾಡಿಟ್ಟ ಮೇಜಿನ ಮೇಲೆ ಸೀಸದ ಸಿಪಾಯಿಗಳನ್ನು ನಿಲ್ಲಿಸಿ, ಅವರನ್ನು ಅಳತೆಯ ಪ್ರಕಾರ ನಡೆಸಿ, ಸತ್ತವರು ಎಷ್ಟು ಎಂಬುದನ್ನು ದಾಳ ಉರುಳಿಸಿ ತೀರ್ಮಾನಿಸುವ ಆಟ. ಒಬ್ಬೊಬ್ಬರ ಸರದಿಯೂ ಬಂದುಹೋದರೆ ಒಂದು ಸುತ್ತು. ನನ್ನಂಥವರಿಗೆ ಅದು ವಾದದ ಇನ್ನೊಂದು ರೂಪ. ಚೌಡಣ್ಣನಿಗೆ ಹಾಗಲ್ಲ. ಅವನು ಸತ್ತ ಸಿಪಾಯಿಗಳನ್ನು ಪೆಟ್ಟಿಗೆಗೆ ಹಾಕಲು ಬಿಡುತ್ತಿರಲಿಲ್ಲ. ಎದುರಾಳಿಯ ಕೈಹತ್ತಿರ ರಾಶಿ ಹಾಕುತ್ತಿದ್ದ. ನಮ್ಮವರ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. "ಎಣ ಎತ್ಬೇಡ. ನೋಡ್ತಾ ಆಡು" ಎನ್ನುತ್ತಿದ್ದ.

ಅವನು ಯಾವಾಗಲೂ ಮೈಸೂರಿನ ಸೈನ್ಯವನ್ನೇ ಆರಿಸಿಕೊಳ್ಳುತ್ತಿದ್ದ. ಎದುರಿಗೆ ಕೆಂಪಂಗಿಯ ಬಿಳಿಯರ ಸೈನ್ಯ. ದಾಳ ಕೆಟ್ಟು ಅವನ ತುಕಡಿ ಓಡಿದರೆ, ಆ ತುಕಡಿಯ ಸೀಸದ ಸರದಾರನನ್ನು ಎತ್ತಿ ಬಾಯಿಗೆ ಹಾಕಿ ತಲೆಯನ್ನು ಕಚ್ಚಿ ಉಗುಳುತ್ತಿದ್ದ. ಸೀಸ ಮೆತ್ತಗಿರುತ್ತದೆ, ಟಕ್ಕೆನ್ನುವುದೂ ಇಲ್ಲ. ಮೇಜರ್ ಮೊದಮೊದಲು ಕೂಗಾಡಿದರು. ಆಮೇಲೆ ಅವರ ಕಪಾಟಿನಲ್ಲಿ ತಲೆಯಿಲ್ಲದ ಸರದಾರರಿಗೆಂದೇ ಒಂದು ಸಾಲು ಆಯಿತು. ನಾನೊಮ್ಮೆ, ಓಡಿದ್ದು ದಾಳದ ದೆಸೆಯಿಂದ, ಅದರಲ್ಲಿ ಸರದಾರನ ತಪ್ಪೇನು ಎಂದು ವಾದ ಹೂಡಿದೆ. ಅವನು ನನ್ನ ಕಿವಿಯನ್ನು ಹಿಡಿದು ಮುಖವನ್ನು ಮೇಜಿನ ಮಟ್ಟಕ್ಕೆ ಇಳಿಸಿದ.

"ಇಲ್ಲಿಂದ ನೋಡ್ಡಾ. ಮುಂದೆ ಇರೋನು ತಿರುಗಿದ್ರೆ ಇಂದೆ ಇರೋನಿಗೆ ಏನ್ ಕಾಣ್ತೈತೆ? ಬೆನ್ನು. ಬೆನ್ನು ತೋರ್ಸಿದೋನಿಗೆ ತಲೆ ಯಾತಕ್ಕೆ?"

ಉತ್ತರ ನನಗೆ ಹೊಳೆದದ್ದು ಮನೆಗೆ ಬಂದ ಮೇಲೆ, ಕಿವಿ ತಣ್ಣಗಾದಾಗ. ಆದರೂ ಹೇಳಬೇಕು, ನನಗೆ ಅವನು ಇಷ್ಟ. ನನ್ನ ವಾದಕ್ಕೆ ನಗದೆ, ಭೇಷ್ ಎನ್ನದೆ, ಎದುರು ಬಂದು ಗುದ್ದುತ್ತಿದ್ದವನು ಅವನೊಬ್ಬನೇ.

ಪಂದ್ಯ ನಡೆದದ್ದು ಕೊಯಮತ್ತೂರಿನ ಕಾಲೇಜೊಂದರ ವರ್ಕ್‌ಶಾಪಿನಲ್ಲಿ. ಆ ಮೇಜುಗಳ ಕಾಲು, ಚೌಕಟ್ಟು ಎಲ್ಲ ಎರಕದ ಕಬ್ಬಿಣ. ಊಟಿ, ಮದ್ರಾಸುಗಳಿಂದಲೂ ಆಟಗಾರರು ಬಂದಿದ್ದರು. ಎಲ್ಲರಿಗೂ ಒಂದೊಂದು ಅಡಿಯ ಮರದ ಸ್ಕೇಲು ಕೊಟ್ಟಿದ್ದರು. ಇದು ದೊಡ್ಡ ಸಂಗತಿ. ಮೇಜರ್ ಮನೆಯಲ್ಲಿ ನಾವು ಅಳೆಯುತ್ತಿದ್ದದ್ದು ಉದ್ದನೆಯ ಟೇಪಿನಿಂದ. ಒಂದೇ ಎಳೆತಕ್ಕೆ ಎಲ್ಲವೂ ಮುಗಿಯುತ್ತಿತ್ತು. ಇಲ್ಲಿ ಕಾಲಾಳುಗಳಿಗೆ ಒಂದು ಸ್ಕೇಲು ಸಾಕು, ಕುದುರೆಗಳಿಗೆ ಎರಡು ಸಲ ಹಾಕಬೇಕು. ಎರಡು ಸಲ ಹಾಕಬೇಕಾದಾಗ ಗಜದವನ ಕೈ ಏನು ಮಾಡುತ್ತದೆ?

ನನ್ನನ್ನು ಮೊದಲ ಆಟದಲ್ಲೇ ಸೋಲಿಸಿದವನು ಸೆಲ್ವರಾಜ್, ಪೀಳಮೇಡಿನ ಫೌಂಡ್ರಿ ಮಾಲೀಕರ ಮಗ, ನನ್ನ ವಯಸ್ಸಿನವನು. ಮೆತ್ತಗೆ ಮಾತಾಡುವ, ಉಗುರು ಕತ್ತರಿಸಿಕೊಂಡ, ಒಂದು ಸಿಪಾಯಿಯನ್ನೂ ವ್ಯರ್ಥವಾಗಿ ಕಳೆದುಕೊಳ್ಳದ ಆಟಗಾರ. ಕೊನೆಯ ಆಟ ಅವನಿಗೂ ಚೌಡಣ್ಣನಿಗೂ ಬಿತ್ತು. ಮೇಜಿನ ನಡುವೆ ನೀಲಿ ಬಟ್ಟೆಯ ನೊಯ್ಯಲ್ ಹೊಳೆ, ಅದನ್ನು ದಾಟುವ ಒಂದು ಕಡವು. ಆರು ಸುತ್ತು ಮುಗಿಯುವ ಹೊತ್ತಿಗೆ ಕಡವು ಯಾರ ಕೈಯಲ್ಲಿರುತ್ತದೋ ಅವರು ಗೆದ್ದರು.

ಅಂಥ ಕೊಲೆಯನ್ನು ನಾನು ಮೇಜಿನ ಮೇಲೆ ನೋಡಿರಲಿಲ್ಲ. ಚೌಡಣ್ಣ ಮೊದಲ ಸುತ್ತಿನಲ್ಲೇ ಕಾಲಾಳುಗಳನ್ನು ಹೊಳೆಗಿಳಿಸಿದ. ಸೆಲ್ವರಾಜನ ಫಿರಂಗಿಗಳು ಅವರನ್ನು ಸೊಂಟದ ನೀರಿನಲ್ಲಿ ಹಿಡಿದವು. ಸಾಲು ಸಾಲಾಗಿ ಬಿದ್ದರು. ಹಿಂದಿನ ಸಾಲು ಮುಂದಿನವರ ಹೆಣ ತುಳಿದು ನಡೆಯಿತು, ಅದೂ ಬಿತ್ತು. ಚೌಡಣ್ಣ ಹೆಣಗಳನ್ನು ಹೊಳೆಯಲ್ಲೇ ಬಿಟ್ಟ. ನೀಲಿ ಬಟ್ಟೆ ಕಾಣದಾಯಿತು. ಎರಡನೇ ಸುತ್ತಿನಲ್ಲಿ ಸೆಲ್ವರಾಜನ ಕುದುರೆ ತುಕಡಿಯೊಂದು ಮೇಜಿನ ಅಂಚಿನಿಂದ ಬಳಸಿ ಚೌಡಣ್ಣನ ಬಲಕ್ಕೆ ಬಂತು. ಅಷ್ಟು ದೂರ ಸೆಲ್ವರಾಜನ ಕೈ ಎಟುಕಲಿಲ್ಲ. ಚೌಡಣ್ಣನೇ ಸ್ಕೇಲು ತೆಗೆದುಕೊಂಡು ಎದುರಾಳಿಯ ಕುದುರೆಗಳನ್ನು ಅಳೆದು ನಡೆಸಿಕೊಟ್ಟ. ಆ ಕುದುರೆಗಳು ಬಂದು ಅವನ ಫಿರಂಗಿಯವರನ್ನೇ ಕಡಿದು ಹಾಕಿದವು. ಆ ಅಳತೆಯನ್ನು ನಾನು ನೋಡಲಿಲ್ಲ. ಬೆನ್ನು ತಿರುಗಿಸಿ, ಮೈಸೂರು ಸೈನ್ಯದ ರಾಕೆಟ್ಟು, ಅಂದರೆ ಬಾಣಬಿರುಸು, ನೀರಿನ ಮೇಲೆ ಹಾರಿದರೆ ಗುರಿಯ ಅಂಕದಲ್ಲಿ ಕಡಿತವಿರಬೇಕೋ ಬೇಡವೋ ಎಂದು ಮದ್ರಾಸಿನವನೊಬ್ಬನ ಜೊತೆ ವಾದಿಸುತ್ತಿದ್ದೆ. ಮೇಜರ್ ತೀರ್ಪುಗಾರರಾದರೂ ಆಗ ಮೂರನೇ ಸ್ಥಾನದ ಆಟ ನಡೆಯುತ್ತಿದ್ದ ಇನ್ನೊಂದು ಮೇಜಿನಲ್ಲಿದ್ದರು.

ಆಮೇಲಿನದೆಲ್ಲ ಕಣ್ಣಾರೆ ಕಂಡೆ. ಚೌಡಣ್ಣನ ಬಾಣಬಿರುಸು ದಾಳ ತಪ್ಪಿ ಅವನ ಜನರ ಮೇಲೇ ಬಿದ್ದು ಒಂದು ತುಕಡಿ ಸುಟ್ಟುಹೋಯಿತು. ಅವನು ಸರದಾರನ ತಲೆ ಕಚ್ಚಿದ. ಮದ್ರಾಸಿನವರು ನಕ್ಕರು, ಅವನು ತಲೆಯನ್ನು ಅವರ ಕಡೆಗೆ ಉಗುಳಿದ. ತೋಪಿನಲ್ಲಿ ಕೈಕೈ ಕದನ ಹತ್ತಿತು. ಕೆಂಪಂಗಿಯವರು ಬಯೊನೆಟ್ಟಿನಿಂದ ಚುಚ್ಚಿ ಚುಚ್ಚಿ ಮೈಸೂರಿನವರನ್ನು ಮರಮರಕ್ಕೂ ಹಿಂದೆ ತಳ್ಳಿದರು. ಚೌಡಣ್ಣ ಪ್ರತಿ ದಾಳವನ್ನೂ ಮುಷ್ಟಿಯಲ್ಲಿ ಹಿಡಿದು ಮೇಜಿಗೆ ಗುದ್ದುತ್ತಿದ್ದ. ಗುದ್ದಿಗೆ ಸತ್ತವರೂ ಬದುಕಿದವರೂ ಒಟ್ಟಿಗೆ ನೆಗೆಯುತ್ತಿದ್ದರು. ಕೊನೆಯ ಸುತ್ತಿಗೆ ಅವನಲ್ಲಿ ಉಳಿದದ್ದು ಒಂದು ಕುದುರೆ ತುಕಡಿ. ಕಡವಿನ ಮೇಲೆ ಸೆಲ್ವರಾಜನ ಒಂದು ಫಿರಂಗಿ. ಲೆಕ್ಕ ಸರಳ. ಕುದುರೆ ಫಿರಂಗಿಯನ್ನು ಮುಟ್ಟಿದರೆ ಅದರ ಆಳುಗಳ ಕತೆ ಮುಗಿಯಿತು, ಕಡವು ಚೌಡಣ್ಣನದು. ಮುಟ್ಟದೆ ಕೂದಲೆಳೆ ದೂರ ನಿಂತರೂ ಫಿರಂಗಿ ಎದೆಗಿಟ್ಟು ಹಾರುತ್ತದೆ.

ಅವನು ಸ್ಕೇಲು ಹಾಕಿದ. ತುದಿಯಲ್ಲಿ ಹೆಬ್ಬೆರಳು ಒತ್ತಿದ. ಬೆರಳಿನ ಆಚೆಯಿಂದ ಮತ್ತೆ ಸ್ಕೇಲು ಹಾಕಿದ. ಮುಂದಿನ ಕುದುರೆಯ ಮೂತಿ ಫಿರಂಗಿಯ ಗಾಲಿಗೆ ತಗುಲಿತು.

ಸೆಲ್ವರಾಜ್ ಎದ್ದು ನಿಲ್ಲಲೂ ಇಲ್ಲ. "ಅಣ್ಣೇ," ಎಂದ ತಮಿಳಿನಲ್ಲಿ, "ಅಂದ ಕಟ್ಟೆವಿರಲ ಎಡುತ್ತುಟ್ಟು ಅಳಂಗ." ಹೆಬ್ಬೆರಳು ತೆಗೆದು ಅಳೆಯಿರಿ ಎಂದು.

ಮೇಜರ್ ಬಂದರು. ಬೆರಳಿಲ್ಲದೆ ಅಳೆಸಿದರು. ಕುದುರೆ ಫಿರಂಗಿಯಿಂದ ಒಂದು ಹೆಬ್ಬೆರಳಿನಷ್ಟು ದೂರ ನಿಂತಿತು. ಸೆಲ್ವರಾಜ್ ದಾಳ ಹಾಕಿದ. ಒಂದು ಕುದುರೆಯೂ ಉಳಿಯಲಿಲ್ಲ.

ಇಲ್ಲಿ ಗಮನಿಸಬೇಕು. ಸೋತದ್ದಕ್ಕೆ ಹೊಡೆದ ಎನ್ನುವವರೂ ಕೊಯಮತ್ತೂರಿನಲ್ಲಿದ್ದಾರೆ. ಸುಳ್ಳು. ಸೋತಾಗ ಅವನು ಹೊಡೆಯಲಿಲ್ಲ. ಸತ್ತ ಕುದುರೆಗಳನ್ನು ಒಂದೊಂದಾಗಿ ತಾನೇ ಎತ್ತಿ ರಾಶಿಗೆ ಹಾಕಿದ. ತನ್ನ ಹೆಬ್ಬೆರಳನ್ನು ತಿರುಗಿಸಿ ನೋಡಿಕೊಂಡ, ಅದು ಯಾರದೋ ಎನ್ನುವ ಹಾಗೆ. ನೋಡುತ್ತ ನಿಂತವರಲ್ಲಿ ಸೆಲ್ವರಾಜನ ಸೋದರಮಾವ ಇದ್ದ, ಬಟ್ಟೆ ವ್ಯಾಪಾರಿ, ನಮ್ಮ ಸಂತೆಗೆ ಬರುವವನು. ಅವನು ನಗುತ್ತ, ಇಷ್ಟು ವರ್ಷ ನಮಗೆ ಅಳೆದುಕೊಟ್ಟದ್ದೂ ಇದೇ ಬೆರಳಲ್ಲವೇ, ಇನ್ನೇನೇನು ಮೋಸ ಹೋಗಿದ್ದೇವೋ ಎಂದ. ಜನ ನಕ್ಕರು. ಅದು ಎಂಥ ಮಾತು ಎಂದರೆ, ಸಂತೆಯಲ್ಲಿ ಆ ಬೆರಳಿನ ಲಾಭವನ್ನೆಲ್ಲ ತಿಂದವನೇ ಆ ವ್ಯಾಪಾರಿ. ಆದರೆ ನಗುತ್ತಿದ್ದವರಿಗೆ ಅದು ಗೊತ್ತಿಲ್ಲ. ನಾಳೆ ಸಂತೆಗೆ ಹೋಗುವುದು ಬೆರಳಿನ ಲೆಕ್ಕವಲ್ಲ, ಆ ನಗು. ಅಳೆಯುವವನ ಬಳಿ ಇರುವುದು ಒಂದು ಕೋಲು, ಒಂದು ಹೆಸರು. ಹೆಸರು ಹೋದರೆ ಕೋಲಿನಿಂದ ನಾಯಿ ಹೊಡೆಯಬೇಕು, ಅಷ್ಟೇ.

ಚೌಡಣ್ಣ ಮಾವನ ಕಡೆಗೆ ನೋಡಲಿಲ್ಲ. ಸೆಲ್ವರಾಜನ ಕಡೆಗೆ ಬಗ್ಗಿದ. ದನಿ ಏರಿಸದೆ ಕೇಳಿದ:

"ನೀ ಸೊಲ್ಲು ತಂಬಿ. ಉನ್ ಕುದಿರೈಕ್ಕು ನಾನ್ ಎಪ್ಪಡಿ ಅಳಂದೇನ್?"

ನಿನ್ನ ಕುದುರೆಗೆ ನಾನು ಹೇಗೆ ಅಳೆದೆ, ನೀನೇ ಹೇಳು ತಮ್ಮ. ಸೆಲ್ವರಾಜ್ ದಾಳಗಳನ್ನು ಡಬ್ಬಿಗೆ ಹಾಕುತ್ತಿದ್ದ. ಹಾಕುತ್ತಲೇ ಇದ್ದ. ಚೌಡಣ್ಣ "ಸೊಲ್ಲು" ಎಂದು ಇನ್ನೊಮ್ಮೆ ಹೇಳಿದ. ಆಮೇಲೆ ಎಡಗೈಯಲ್ಲಿ ಅವನ ಕೂದಲು ಹಿಡಿದು ಮುಖವನ್ನು ಹೊಳೆಗೆ ಹೊಡೆದ.

ಹೊಳೆಯ ತುಂಬ ಸತ್ತ ಸಿಪಾಯಿಗಳು, ಅವರ ಬಯೊನೆಟ್ಟುಗಳು. ಎತ್ತಿದಾಗ ಕೆನ್ನೆಯಲ್ಲಿ ಒಬ್ಬ ಸಿಪಾಯಿ ನೇತಾಡುತ್ತಿದ್ದ. ಮತ್ತೆ ಹೊಡೆದ. ನೀಲಿ ಬಟ್ಟೆ ಆಗ ನಿಜವಾಗಿಯೇ ಕೆಂಪಾಯಿತು. ಸೆಲ್ವರಾಜನ ಗೆಳೆಯರು ಚೌಡಣ್ಣನ ಮೇಲೆ ಬಿದ್ದರು, ಒಬ್ಬ ಸ್ಟೂಲಿನಿಂದ ಬೆನ್ನಿಗೆ ಹೊಡೆದ, ಇನ್ನೊಬ್ಬ ಕುತ್ತಿಗೆಗೆ ಜೋತುಬಿದ್ದ. ಚೌಡಣ್ಣ ಅವನನ್ನು ಹೊತ್ತುಕೊಂಡೇ ತಿರುಗಿ ಸ್ಟೂಲಿನವನ ಮೂಗಿಗೆ ತಲೆಯಿಂದ ಗುದ್ದಿದ. ನಾನು ನಡುವೆ ಹೋದೆ, ಯಾರದೋ ಮೊಣಕೈ ತಗುಲಿ ಬಾಯಿ ಒಡೆಯಿತು. ಆ ತಳ್ಳಾಟದಲ್ಲಿ ಇಡೀ ಮೇಜು ಮಗುಚಿತು. ಅದರ ಎರಕದ ಅಂಚು ನೆಲಕ್ಕೆ ಬಂದು ಬಿದ್ದದ್ದು ಅದರ ಜೊತೆಗೇ ಕೆಳಗೆ ಉರುಳಿದ ಚೌಡಣ್ಣನ ಬಲಗೈಯ ಮೇಲೆ. ಕೈಯಲ್ಲಿ ಇನ್ನೂ ಸ್ಕೇಲು ಇತ್ತು. ಸ್ಕೇಲೂ ಬೆರಳೂ ಒಂದೇ ಸದ್ದಿನಲ್ಲಿ ಮುರಿದವು. ಬೆರಳಿನಲ್ಲಿ ಉಳಿದದ್ದನ್ನು ಆಸ್ಪತ್ರೆಯಲ್ಲಿ ತೆಗೆದರು. ಚೂರಿ ಇರಲಿಲ್ಲ.

ಚೂರಿಯನ್ನು ತಂದದ್ದು ನಮ್ಮ ಬೀದಿ. ಯಾಕೆ ಎಂಬುದೂ ನನಗೆ ಗೊತ್ತು. ಮೋಸ ಮಾಡಿದನೇ ಎಂಬ ಪ್ರಶ್ನೆಗೆ ಮೇಜು ಮಗುಚಿದ್ದು ಉತ್ತರವಲ್ಲ. ಚೂರಿ ಉತ್ತರ. ಕೊಯ್ದುಕೊಂಡವನನ್ನು ಯಾರೂ ಮುಂದಕ್ಕೆ ಕೇಳುವುದಿಲ್ಲ. ವ್ಯಾಪಾರಿಗಳಿಗೂ ಅನುಕೂಲವಾಯಿತು. ಬೆರಳಿಲ್ಲದವನು ಗಜ ಹೇಗೆ ಹಾಕುತ್ತಾನೆ ಪಾಪ ಎಂದರು, ಬೇರೆಯವನನ್ನು ಕೂರಿಸಿದರು. ಯಾಕೆ ತೆಗೆದೆವು ಎಂದು ಹೇಳುವ ಕಷ್ಟವೇ ಬರಲಿಲ್ಲ.

ನನ್ನ ಮಟ್ಟಿಗೆ ಪ್ರಶ್ನೆ ಹಾಗೇ ಉಳಿಯಿತು. ಅಭ್ಯಾಸ ಎನ್ನುವವರ ವಾದ ಬಲವಾಗಿದೆ. ಜೀವಮಾನವಿಡೀ ಒತ್ತಿದ ಬೆರಳು ಸ್ಕೇಲಿನ ತುದಿ ಕಂಡೊಡನೆ ತಾನಾಗಿ ಬರುತ್ತದೆ. ಆದರೆ ಆ ಬೆರಳಿನ ಪಾಲು ಎದುರಿನವನಿಗೆ ಸೇರಬೇಕಾದದ್ದು ಎಂದು ಅವನಷ್ಟು ತಿಳಿದವರು ಯಾರಿದ್ದರು? ಇಲ್ಲಿ ಅದು ಅವನ ಕುದುರೆಗೇ ಸೇರಿತಲ್ಲ?

ಅವನು ಆಮೇಲೆ ಕಾಂಗೇಯದ ಎಣ್ಣೆ ಗಿರಣಿಯೊಂದರಲ್ಲಿ ಕೊಬ್ಬರಿ ಒಣಹಾಕುವ ಅಂಗಳ ಕಾಯುವ ಕೆಲಸಕ್ಕೆ ಸೇರಿದ. ಅಲ್ಲಿಗೆ ಹೋಗಿ ನೋಡಿದೆ. ನುಗ್ಗಿದ ಎತ್ತೊಂದರ ಮೂಗುದಾರವನ್ನು ನಾಲ್ಕು ಬೆರಳಿನಲ್ಲಿ ಸುತ್ತಿ ಹಿಡಿದು, ಅದರ ಮೂತಿಗೆ ಎಡಗೈಯಲ್ಲಿ ಗುದ್ದುತ್ತಿದ್ದ. ನನ್ನನ್ನು ಕಂಡು ಎತ್ತನ್ನು ಬಿಟ್ಟ. ಕೊಬ್ಬರಿ ಚೂರು ಕೊಟ್ಟ. ಚರ್ಚೆಯ ಕಪ್ಪು ಎಷ್ಟು ಗೆದ್ದೆ ಎಂದು ವಿಚಾರಿಸಿದ. ನಾನು ಸುತ್ತಿ ಬಳಸದೆ ಕೇಳಿದೆ: ಬೆರಳು ತಾನಾಗಿ ಬಂತೋ, ನೀನು ಇಟ್ಟೆಯೋ?

ಹೊಡೆಯುತ್ತಾನೆ ಎಂದುಕೊಂಡಿದ್ದೆ. ಹೊಡೆದಿದ್ದರೆ ಚೆನ್ನಾಗಿತ್ತು.

"ನಾ ಏಳಿದ್ರೆ ನೀ ನಂಬೋ ಆಳಾ? ನೀ ಯಾರನ್ನ ನಂಬಿದ್ದೀಯ?" ಎಂದ. ಕೊಬ್ಬರಿ ಅಗಿದು ಮುಗಿಸಿದ. "ಅವನ ಕುದುರೆಗೂ ನಾನೇ ಅಳೆದೆ. ಅವ ಕಣ್ಣ್ ಬಿಟ್ಕೊಂಡ್ ನೋಡ್ತಿದ್ದ. ಅವನ್ನ ಕೇಳು."

ಎದುರಾಳಿಯ ಕುದುರೆಗೂ ಬೆರಳು ಇಟ್ಟಿದ್ದರೆ ಅದು ಅಭ್ಯಾಸ, ತನ್ನದಕ್ಕೆ ಮಾತ್ರ ಇಟ್ಟಿದ್ದರೆ ಮೋಸ. ಅದೇ ನಮ್ಮ ಕೊನೆಯ ಭೇಟಿ. ಅವನು ಸತ್ತದ್ದು ಕಾಮಾಲೆಯಿಂದ, ಹಾಸಿಗೆಯಲ್ಲಿ, ಯಾರ ಪೆಟ್ಟೂ ಇಲ್ಲದೆ. ಹೆಣವನ್ನು ಊರಿಗೆ ತಂದರು. ಅಲಗಿನ ಗಂಡಸರು ಅವನ ಕತ್ತಿಗಳನ್ನು ಎರಡು ಪಕ್ಕದಲ್ಲಿಟ್ಟರು. ಬಲಗೈಯನ್ನು ಯಾರೋ ಬಟ್ಟೆಯ ಕೆಳಗೆ ಸೇರಿಸಿದ್ದರು. ಬೀದಿಯಲ್ಲಿ ಚೂರಿಯ ಕಥೆ ಆಗಲೇ ಇನ್ನೊಂದು ಸಲ ಶುರುವಾಗಿತ್ತು.

ಬೀದಿಯ ತುದಿಯಲ್ಲಿ, ಮಗ್ಗದ ಶೆಡ್ಡಿನ ಗೋಡೆಗೆ ಒರಗಿ ಸೆಲ್ವರಾಜ್ ನಿಂತಿದ್ದ. ಒಬ್ಬನೇ ಬಂದಿದ್ದ. ಕೈಯಲ್ಲಿ ಹಾರವಿತ್ತು, ಒಳಗೆ ಬರಲು ಅಂಜುತ್ತಿದ್ದನೋ, ಬೇಡವೆನಿಸಿತ್ತೋ. ಕೆನ್ನೆಯಲ್ಲಿ ಬಯೊನೆಟ್ಟಿನ ಗುಳಿ ಹಾಗೇ ಇತ್ತು. ಯಾಕೆ ಬಂದೆ ಎಂದು ನಾನು ಕೇಳಲಿಲ್ಲ. ಅದು ದುರ್ಬಲ ಪ್ರಶ್ನೆ, ಅದಕ್ಕೆ ಯಾರು ಬೇಕಾದರೂ ಒಳ್ಳೆಯ ಉತ್ತರ ಕೊಡಬಹುದು. ನಾನು ಕೇಳಿದ್ದು ಇನ್ನೊಂದನ್ನು, ಅವನ ಭಾಷೆಯಲ್ಲೇ, ನಿಧಾನವಾಗಿ. ಅವನು ಹಾರವನ್ನು ಎಡಗೈಯಿಂದ ಬಲಗೈಗೆ ಬದಲಾಯಿಸಿದ, ಕೆನ್ನೆ ಮುಟ್ಟಿಕೊಂಡ, ಹೆಣವಿದ್ದ ಕಡೆಗೆ ನೋಡಿದ. ಒಳಗೆ ತಮಟೆ ಶುರುವಾಯಿತು. ನಾನು ಮತ್ತೆ ಕೇಳಿದೆ:

"ಸೆಲ್ವರಾಜ್, ಎರಡನೇ ಸುತ್ತಿನಲ್ಲಿ ನಿನ್ನ ಕುದುರೆಗೆ ಅಳೆದಾಗ, ಅವನು ಬೆರಳು ಇಟ್ಟಿದ್ದನೋ, ಇಲ್ಲವೋ?"